ಮಾವನವರು ಕೂಡಿಸಿದ ಬಂದೂಕು

ನನ್ನ ಮಾವನವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಬಾಚಿ ತಾಗಿ ಹೋದದ್ದು ಮತ್ತೆ ಬರಲೇ ಇಲ್ಲವಂತೆ. ಆ ಬೋಳು ಬೆರಳನ್ನು ಕಟ್ಟಿಗೆಯ ಮೇಲೆ ಮೆಲ್ಲಗೆ ಎಳೆದು, ಕಣ್ಣಿಗೆ ಕಾಣದ ಏರುತಗ್ಗನ್ನು ಹೇಳಿಬಿಡುತ್ತಿದ್ದರು. "ಕಟ್ಟಿಗಿ ಸುಳ್ಳು ಹೇಳಂಗಿಲ್ಲ, ಕೂಡಿಸಿದಾಂವ ಹೇಳತಾನ" ಎಂಬುದು ಅವರ ಮಾತು.

ಬಸವಕಲ್ಯಾಣವನ್ನು ಆಗ ನಾವು ಬರಿಯ ಕಲ್ಯಾಣ ಎನ್ನುತ್ತಿದ್ದೆವು. ನಿಜಾಮರ ರಾಜ್ಯ. ಕೋಟೆ ಕಡೆಯ ಓಣಿಯಲ್ಲಿ ನಮ್ಮ ಮನೆ. ಮುಂದೆ ಬಡಿಗತನದ ಪಡಸಾಲೆ, ಹಿತ್ತಲಲ್ಲಿ ಕುಲುಮೆ, ಅದರ ಮಗ್ಗುಲಿಗೆ ಒಂದು ಎಮ್ಮೆ. ಘಾಟಬೋರಾಳದಿಂದ ನಾನು ಸೊಸೆಯಾಗಿ ಬರುವಷ್ಟರಲ್ಲಿ ಅತ್ತೆ ತೀರಿಹೋಗಿದ್ದರು. ಸೊಸೆ ಮಾವನೆದುರು ಮಾತನಾಡಬಾರದು ಎಂಬ ಕಟ್ಟು ಆ ಮನೆಯಲ್ಲಿ ಗಟ್ಟಿಯಾಗಿತ್ತು. ಅವರೂ ನನ್ನೊಡನೆ ನೇರವಾಗಿ ಆಡುತ್ತಿರಲಿಲ್ಲ. ಎಮ್ಮೆಯ ಕಡೆ ಮುಖ ಮಾಡಿ, "ಯಾರರ ಒಂದ್ ಚರಗಿ ನೀರು ತಂದರ ಛಲೋ ಆಗತಿತ್ತು" ಎನ್ನುವರು. ನಾನು ಬಳೆ ಸದ್ದು ಮಾಡಿ, ಕೇಳಿಸಿತೆಂದು ತಿಳಿಸುವೆ. ಹೀಗೆಯೇ ನಾಲ್ಕು ವರ್ಷ ಹೋದವು.

ಐದನೆಯ ವರ್ಷ, ದಸರೆಗೆ ಎರಡು ತಿಂಗಳಿರುವಾಗ, ನಮ್ಮ ಓಣಿಯ ಮುಪ್ಪಿನ ಜಮಾದಾರರು ಕಂಬಳಿಯಲ್ಲಿ ಸುತ್ತಿದ ಬಂದೂಕು ತಂದರು. ಬಾಯಿಯಿಂದಲೇ ಮದ್ದು, ಗುಂಡು ತುಂಬುವ ಹಳೆಯ ಕಾಲದ ಫೌಜಿನ ರೈಫಲ್ ಅದು. ಅವರ ತಂದೆ ಹೆಗಲ ಮೇಲೆ ಹೊತ್ತು ನೌಕರಿ ಮಾಡಿದ್ದು. ಆಮೇಲೆ ಅವರ ಅಣ್ಣ ಹಂದಿ ಬೇಟೆಗೆ ಭಾರವಾಯಿತೆಂದು ನಳಿಗೆಯ ಕೆಳಗಿನ ಮುಂದಿನ ಕಟ್ಟಿಗೆಯನ್ನು ಗರಗಸದಿಂದ ಕೊಯ್ದು, ಕಬ್ಬಿಣದ ಪಟ್ಟಿಗಳನ್ನು ತೆಗೆದು ಎಸೆದಿದ್ದ. ಅಣ್ಣ ಸತ್ತ ಮೇಲೆ ಅದು ದಸರೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವುದಕ್ಕಷ್ಟೇ ಹೊರಗೆ ಬರುತ್ತಿತ್ತು.

"ನಮ್ಮಪ್ಪ ಹಿಡದಾಗ ಹ್ಯಾಂಗ ಇತ್ತೋ ಹಂಗ ಮಾಡಿ ಕೊಡ್ರಿ. ಈ ದಸರಾ ನನ್ನ ಕಡೀ ದಸರಾ ಅನಸ್ತದ" ಎಂದರು ಜಮಾದಾರರು.

"ಪ್ರತಿ ವರ್ಷ ಹಿಂಗ ಅಂತೀರಿ" ಎಂದರು ಮಾವನವರು. ಆದರೆ ಬಂದೂಕನ್ನು ಎರಡೂ ಕೈಯಿಂದ ತೆಗೆದುಕೊಂಡರು.

ಹಳೆಯ ಕಟ್ಟಿಗೆ ಅಖರೋಟಿನದು. ನಮ್ಮ ಕಡೆ ಆ ಮರ ಇಲ್ಲ. ಮೂರು ಸಲ ಹುಮನಾಬಾದಿಗೆ ಹೋಗಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬೆರಳೆಳೆಯುತ್ತ ಹುಡುಕಿದರು. ಕೊನೆಗೆ ಯಾರೋ ಸಾಹೇಬರ ಮನೆಯ ಮುರಿದ ಕಪಾಟಿನ ಚೌಕಟ್ಟು ಸಿಕ್ಕಿತು. ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು.

ಕಟ್ಟಿಗೆ ಕೆತ್ತುವ ಮೊದಲು ನಳಿಗೆಯ ಹಿಂದಿನ ತಿರುಪನ್ನು ಬಿಚ್ಚಬೇಕಿತ್ತು. ಅದು ತುಕ್ಕು ಹಿಡಿದು ಒಂದಾಗಿಹೋಗಿತ್ತು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಬಿಡುತ್ತದೆ ಎಂದು ಮಾವನವರು ಹೇಳಿದರು. ನನ್ನ ಗಂಡ ತಿದಿ ಊದತೊಡಗಿದರು. ಅಷ್ಟರಲ್ಲಿ ನಳಿಗೆಯ ಒಳಗನ್ನು ಯಾರಾದರೂ ಬಟ್ಟೆಯಿಂದ ಒರೆಸಿದರೆ ಆಗುತ್ತಿತ್ತು ಎಂದು ಎಮ್ಮೆಗೆ ಅಪ್ಪಣೆಯಾಯಿತು.

ನಾನು ಉದ್ದನೆಯ ಸಲಾಕೆಗೆ ಬಟ್ಟೆ ಸುತ್ತಿ ಒಳಗೆ ಬಿಟ್ಟೆ. ಅದು ಒಂದು ಕಡೆ ನಿಂತಿತು. ತವರಿನಲ್ಲಿ ನೆಲದ ಹಗೇವಿನಲ್ಲಿ ಜೋಳ ಎಷ್ಟು ಉಳಿದಿದೆಯೆಂದು ಕೋಲು ಬಿಟ್ಟು ನೋಡುವುದು ನನ್ನ ಕೆಲಸವಾಗಿತ್ತು. ಅದೇ ರೂಢಿಯಿಂದ ಸಲಾಕೆಯ ಮೇಲೆ ಬೆರಳಿನ ಗುರುತಿಟ್ಟು ಹೊರಗೆಳೆದು, ನಳಿಗೆಯ ಪಕ್ಕದಲ್ಲಿ ಹಿಡಿದೆ. ಹಿಂದಿನ ತುದಿಗೆ ಇನ್ನೂ ನಾಲ್ಕು ಬೆರಳು ಕಡಿಮೆ ಬಂತು. ಕೈಸನ್ನೆಯಿಂದ ಗಂಡನಿಗೆ ತೋರಿಸಿದೆ.

"ಹಗೇವು ಅಂತ ತಿಳಕೊಂಡಿಯೇನ? ತುಕ್ಕು ಅದು. ಕಾದರ ಉದರತದ" ಎಂದು ಅವರು ನಕ್ಕರು.

ಮಾವನವರು ಬಂದು ನಳಿಗೆಯನ್ನು ಎತ್ತಿಕೊಂಡರು. ಕೆಂಡ ಬೆಳ್ಳಗಾಗಿತ್ತು. ನಾನು ಕುಲುಮೆಗೆ ಅಡ್ಡ ನಿಂತೆ.

"ಬ್ಯಾಡ್ರಿ ಮಾವಾರ. ಅದರಾಗ ಏನೋ ಅದ."

ನಾಲ್ಕು ವರ್ಷಕ್ಕೆ ಅದೇ ನನ್ನ ಮೊದಲ ಮಾತು. ಗಂಡ ತಿದಿ ಬಿಟ್ಟು ಎದ್ದರು. ಮಾವನವರು ಬೈಯುವರೆಂದು ನಾನು ಸೆರಗು ಎಳೆದುಕೊಂಡೆ. ಅವರು ನಳಿಗೆಯನ್ನು ಕೆಳಗಿಟ್ಟರು. ಸಲಾಕೆಯನ್ನು ತಾವೇ ಒಳಗೆ ಬಿಟ್ಟರು, ಹೊರಗೆ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಬಿಂದಿಗೆಯ ನೀರನ್ನು ತಾವೇ ಕುಲುಮೆಗೆ ಸುರಿದರು.

ಎರಡು ದಿನ ನಳಿಗೆಯ ತುಂಬ ನೀರು ನಿಲ್ಲಿಸಿ, ಮೂರನೆಯ ದಿನ ಜಮಾದಾರರ ಎದುರಿಗೇ ತಿರುಪಿನ ಮೊನೆಯ ಸಲಾಕೆಯಿಂದ ಎಳೆದರು. ಮೊದಲು ಚಿಂದಿ ಬಂತು, ಆಮೇಲೆ ಸೀಸದ ಗುಂಡು, ಅದರ ಹಿಂದೆ ಕಪ್ಪು ಕೆಸರಿನಂತೆ ಮದ್ದು.

ಜಮಾದಾರರು ನೆಲಕ್ಕೆ ಕುಳಿತರು. "ಖಾಲಿ ಕೈಲೆ ದೇವಿ ಮುಂದ ಹೋಗಬಾರದು, ಖಾಲಿ ಬಂದೂಕನೂ ಇಡಬಾರದು ಅಂತಿದ್ದ ನಮ್ಮಣ್ಣ. ಪ್ರತಿ ದಸರಾಕ್ಕ ತುಂಬಿ ಇಡತಿದ್ದ. ಅಂವ ಹೋಗಿ ಹನ್ನೆರಡು ವರ್ಷ ಆತು. ನಮ್ಮ ಮೊಮ್ಮಕ್ಕಳು ಇದರ ಬಾಯಿಗಿ ಕಿವಿ ಹಚ್ಚಿ ಆಡ್ಯಾವ್ರಿ."

"ತಪ್ಪು ನಿಮ್ಮದಲ್ಲರಿ" ಎಂದರು ಮಾವನವರು. "ಅಳತಿ ನೋಡದ ಬೆಂಕಿ ಹಚ್ಚಿದಾಂವ ನಾ. ನನ್ನ ಸೊಸಿ ಬಾಯಿ ತೆರೀಲಿಲ್ಲಂದ್ರ ಈ ಮನ್ಯಾಗ ಮೂರು ಹೆಣ ಬೀಳತಿದ್ದವು. ಆ ಬಾಯಿ ಮುಚ್ಚಿಸಿ ಇಟ್ಟಾಂವನೂ ನಾನ."

ಊರಿನಲ್ಲಿ ಅವರ ಕೆಲಸಕ್ಕೆ ಹೆಸರಿತ್ತು. ಇನ್ನೊಬ್ಬರಾಗಿದ್ದರೆ ಇದನ್ನು ಮನೆಯಲ್ಲೇ ಮುಚ್ಚಿಬಿಡುತ್ತಿದ್ದರು. ಇವರು ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದರು. ಮರುದಿನ ನನ್ನನ್ನು ಕರೆದು ಎದುರಿಗೆ ಕೂಡಿಸಿದರು. "ಇನ್ನ ಮ್ಯಾಲ ಏನಿದ್ದರೂ ನಿನಗ ಹೇಳತೀನವ್ವ. ಎಮ್ಮಿಗೂ ಬ್ಯಾಸರಾಗ್ಯದ."

ಓಣಿಯ ಹಿರಿಯರೊಬ್ಬರು ಪಡಸಾಲೆಗೇ ಬಂದು ಚುಚ್ಚಿದರು: "ಏನ್ರಿ ಬಡಿಗೇರ, ಸೊಸಿನ್ನ ಎದುರಿಗಿ ಕೂಡಿಸಿಕೊಂಡು ಮಾತಾಡಾಕತ್ತೀರಿ. ನಾಚಿಕಿ ಬರಂಗಿಲ್ಲೇನು?"

"ಬಂದಿತ್ರಿ, ಆವತ್ತ ಕುಲುಮಿ ಮುಂದ. ಈಗ ಹೋಗ್ಯದ" ಎಂದು ಮಾವನವರು ಉಳಿ ಮಸೆಯುತ್ತಲೇ ಉತ್ತರ ಕೊಟ್ಟರು.

ಖಾಲಿಯಾದ ನಳಿಗೆಯನ್ನು ಕಾಯಿಸಿ ತಿರುಪು ಬಿಚ್ಚಿದ ಮೇಲೆ, ಹೊಸ ಕಟ್ಟಿಗೆಯನ್ನು ಕಚ್ಚು ತೆಗೆದು ಹಳೆಯದಕ್ಕೆ ಕೂಡಿಸಿದರು. ಪಟ್ಟಿಗಳನ್ನು ಹೊಸದಾಗಿ ಬಡಿದರು. ಹನ್ನೊಂದು ದಿನ ನಾನು ಅಂಗೈಯಿಂದ ಅಗಸೆ ಎಣ್ಣೆ ತಿಕ್ಕಿದೆ; ಎರಡೂ ಕಟ್ಟಿಗೆ ಒಂದೇ ಬಣ್ಣಕ್ಕೆ ಬಂದವು. ಒಯ್ಯಲು ಬಂದ ಜಮಾದಾರರಿಗೆ ಕೂಡಿದ ಜಾಗವೇ ಕಾಣಲಿಲ್ಲ. ಮಾವನವರು ಪಟ್ಟಿ ಸರಿಸಿ, "ಇಲ್ಲಿ ಕಚ್ಚು ಅದ, ನೋಡಿಕೊಳ್ರಿ" ಎಂದು ತಾವಾಗಿಯೇ ತೋರಿಸಿದರು. ಜಮಾದಾರರಿಗೆ ಇನ್ನೂ ಒಂದು ಅಳುಕಿತ್ತು. ಖಾಲಿ ಬಂದೂಕನ್ನು ದೇವಿಯ ಮುಂದೆ ಹೇಗೆ ಇಡುವುದು? ಮಾವನವರು ಉತ್ತರಕ್ಕಾಗಿ ನನ್ನ ಮುಖ ನೋಡಿದರು. "ಬಾಯಾಗ ಒಂದು ಬನ್ನಿ ಎಲಿ ಇಡ್ರಿ" ಎಂದೆ. ಆ ವರ್ಷ ಹಾಗೆಯೇ ಇಟ್ಟರು.

ನಿಜಾಮರ ರಾಜ್ಯ ಹೋದ ಮೇಲೆ, ಬಂದೂಕುಗಳನ್ನು ತಂದು ಕೊಡಬೇಕೆಂದು ಡಂಗುರವಾಯಿತು. ಜಮಾದಾರರು ಆಗ ಇರಲಿಲ್ಲ. ಅವರ ಮಕ್ಕಳು ಒಯ್ದು ಕೊಟ್ಟರು. ಅಷ್ಟು ಕಷ್ಟಪಟ್ಟು ಮಾಡಿದ್ದು ಹೋಯಿತಲ್ಲ ಎಂದು ನನಗೆ ಹಳಹಳಿಯಾಯಿತು. ಮಾವನವರು ಕೇಳಿದ್ದು ಇಷ್ಟೇ: "ಖಾಲಿ ಅದ ಅಂತ ಹೇಳಿ ಕೊಟ್ಟರೋ ಇಲ್ಲೋ?"

ಮರುವರ್ಷ ಬೇಸಿಗೆಯಲ್ಲಿ, ಎಂಟು ದಿನದ ಜ್ವರದಲ್ಲಿ ಅವರು ಹೋದರು. ನಮ್ಮ ಕಡೆ ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುವುದು ಹೆಂಗಸರ ರೂಢಿ. ಓಣಿಯವರೆಲ್ಲ ಹಾಡಿ ಅತ್ತರು. ನಾನು ತಲೆಯ ಬಳಿ ಕುಳಿತಿದ್ದೆ. ಬಾಯಿ ತೆರೆದರೂ ಒಂದು ಶಬ್ದ ಹೊರಡಲಿಲ್ಲ. "ಮಾವನ ಎದುರಿಗಿ ಅಷ್ಟು ಮಾತಾಡಾಕಿ, ಇವತ್ತ ಬಾಯಿ ಸತ್ತದೇನ?" ಎಂದು ಯಾರೋ ಅಂದದ್ದು ಕೇಳಿಸಿತು. ನೋಡನೋಡುತ್ತಿದ್ದಂತೆ ಅವರನ್ನು ಎತ್ತಿಕೊಂಡು ಹೋದರು.

ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ಅಂದು ಅವರ ತಲೆಯ ಬಳಿ ಕುಳಿತು ಹಾಡಬೇಕಾಗಿದ್ದದ್ದು ಇದು. ಈಗ ಬರೆದಿದ್ದೇನೆ.