ಆಂಜನಮ್ಮ ಹಾಕಿಸಿದ ಎಣ್ಣೆ

ಕಗ್ಗದಾಸಪುರದ ಆಂಜನಮ್ಮ ಕಾರು ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ಆಸೆಪಟ್ಟಲ್ಲ. ಗಂಡ ಮುನಿನಾರಾಯಣಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲವೂ ಒಟ್ಟಿಗೆ ಹೋದವು. ಅವನನ್ನು ವಾರವಾರ ಶಿವಾಜಿನಗರದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹತ್ತಿಸಿ ಇಳಿಸುವಷ್ಟರಲ್ಲಿ ಆಟೋದವರು ಗೊಣಗುತ್ತಿದ್ದರು. ಅದನ್ನು ಕೇಳಿಸಿಕೊಂಡು ಅವನು ತಲೆ ತಗ್ಗಿಸುತ್ತಿದ್ದ. ಅದನ್ನು ನೋಡಲಾರದೆ ಆಕೆ ಜೀವನ್ ಬಿಮಾ ನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸ್ ಸಿಕ್ಕ ಮೇಲೆ ಹೊಸ ಕಾರು ಮನೆಗೆ ಬಂತು.

ಗಾಡಿಯ ವಿಷಯ ಆ ಮನೆಯಲ್ಲಿ ಎಂದೂ ಆಕೆಯದಾಗಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾದ ಮೇಲೆ ಮುನಿನಾರಾಯಣಪ್ಪ ಲಾರಿ ಇಟ್ಟಿದ್ದ, ಕೆ.ಆರ್. ಪುರದ ಕಡೆಯಿಂದ ಇಟ್ಟಿಗೆ ಲೋಡು ಹೊಡೆಯುತ್ತಿದ್ದ. ಎಂಜಿನ್ ಆಯಿಲನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಇನ್ನೂ ಓಡುತ್ತದೋ ಬದಲಿಸಬೇಕೋ ಹೇಳಿಬಿಡುತ್ತಿದ್ದ. ಊರಿನವರು ಟ್ರ್ಯಾಕ್ಟರು, ಟೆಂಪೋ ಏನೇ ಕೆಟ್ಟರೂ ಮೊದಲು ಅವನ ಮನೆ ಮುಂದೆ ತಂದು ನಿಲ್ಲಿಸುತ್ತಿದ್ದರು.

ಹೊಸ ಕಾರಿಗೆ ಮೊದಲ ಸರ್ವೀಸ್ ಆಗಿ ಕೆಲವೇ ದಿನಗಳಾಗಿದ್ದವು. ಆಸ್ಪತ್ರೆಗೆ ಹೊರಟು ಹಲಸೂರು ಮೆಟ್ರೋ ದಾಟುವಾಗ ಸ್ಟೀರಿಂಗಿನ ಹಿಂದೆ ಪುಟ್ಟ ಕೆಂಪು ದೀಪ ಹತ್ತಿತು. ಆಂಜನಮ್ಮ ಅದನ್ನು ಗಮನಿಸುವ ಮೊದಲೇ ಪಕ್ಕದಲ್ಲಿದ್ದ ಗಂಡ ಎಡಗೈಯಿಂದ ಡ್ಯಾಶ್‌ಬೋರ್ಡನ್ನು ದಬದಬ ಬಡಿದ.

“ಏನ್ರೀ? ನಿಲ್ಲಿಸ್ಬೇಕಾ?”

ಮತ್ತೆ ಬಡಿದ. ಆಕೆ ಹಿಂದಿನವರ ಹಾರ್ನು ಕೇಳುತ್ತಲೇ ಪಕ್ಕಕ್ಕೆ ತಂದು ನಿಲ್ಲಿಸಿ ಎಂಜಿನ್ ಆರಿಸಿದಳು. ಶೋರೂಮಿಗೆ ಫೋನ್ ಮಾಡಿದರೆ ಸಂಗೀತ ಬರುತ್ತಿತ್ತು, ಮನುಷ್ಯರು ಬರಲಿಲ್ಲ. ಮಗಳು ಭವ್ಯ ಮೀಟಿಂಗಿನಲ್ಲಿದ್ದಳು.

ಎದುರಿಗೇ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಅದರ ಮಾಲೀಕ ನಯಾಜ್ ಬಂದು ಬಾನೆಟ್ ಎತ್ತಿದ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ, ಬಗ್ಗಿ ಕೆಳಗೂ ನೋಡಿದ.

“ಆಯಿಲ್ ಪೂರಾ ಇಳ್ದೋಗಿದೆ ಅಮ್ಮಾ. ಸರ್ವೀಸ್‌ನೋರು ಕೆಳಗಿನ ಬೋಲ್ಟು ಸರಿಯಾಗಿ ಟೈಟ್ ಮಾಡಿಲ್ಲ. ಅದನ್ನ ನಾನು ಮಾಡ್ಕೊಡ್ತೀನಿ. ಆಯಿಲ್ ಯಾವ್ದು ಹಾಕ್ಲಿ?”

“ನಂಗೇನಪ್ಪ ಗೊತ್ತು? ನೀನೇ ಹೇಳು.”

ಆಯಿಲ್ ಸುರಿಯುವ ಬಾಯಿಯ ಮುಚ್ಚಳದ ಮೇಲೆ ಯಾವ ಆಯಿಲ್ ಹಾಕಬೇಕೆಂಬ ನಂಬರು ಅಚ್ಚಾಗಿತ್ತು. ಅದನ್ನು ಓದಿ ನಯಾಜ್ ಅಂಗಡಿಯಿಂದ ಒಂದು ಕ್ಯಾನು ತಂದ. ಕಿಟಕಿಯಿಂದ ಮುನಿನಾರಾಯಣಪ್ಪ ಕೈ ಬೀಸಿ ಕರೆದ. ನಯಾಜ್ ಮರ್ಯಾದೆಯಿಂದಲೇ ಅವನ ಬೆರಳಿಗೆ ಒಂದು ಹನಿ ಬಿಟ್ಟ. ಅವನು ಬೆರಳು ತಿಕ್ಕಿದ. ಮುಖ ಬಿಗಿದುಕೊಂಡಿತು. ತುಟಿ ಸೊಟ್ಟಗಾಗಿ ನಡುಗಿ, ಒಳಗಿನಿಂದ ಏನನ್ನೋ ಎಳೆದು ತರುವಂತೆ ಒದ್ದಾಡಿ, ಕೊನೆಗೆ ಅಂದ:

“ನೀ... ನೀರು.”

ಕಾಯಿಲೆ ಬಿದ್ದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು. ಆಂಜನಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. “ನೀರಾ? ತಗೊಳ್ರೀ, ತಗೊಳ್ಳಿ” ಎನ್ನುತ್ತ ಬಾಟಲಿಯನ್ನು ಬಾಯಿಗೆ ಹಿಡಿದಳು. ಅವನು ತಳ್ಳಿಬಿಟ್ಟ. ಅಂಗಿಯೆಲ್ಲ ಒದ್ದೆಯಾಯಿತು. “ನೀರು! ನೀರು!” ಎಂದು ಕ್ಯಾನಿನ ಕಡೆ ಕೈ ತೋರಿಸಿದ.

ಅರ್ಥವಾದದ್ದು ನಯಾಜ್‌ಗೆ. “ಅಮ್ಮಾ, ಆಯಿಲ್ ನೀರಿನ ಥರ ಇದೆ ಅಂತಿದಾರೆ.”

ಮುನಿನಾರಾಯಣಪ್ಪ ಜೋರಾಗಿ ತಲೆಯಾಡಿಸಿದ. ಅಂಗಡಿ ಮುಂದೆ ಜೋಡಿಸಿದ್ದ ಲಾರಿ ಆಯಿಲಿನ ಡಬ್ಬಿಗಳತ್ತ ಬೆರಳು ಮಾಡಿದ.

“ಅದು ಗಟ್ಟಿ ಆಯಿಲ್ ಸಾಬ್, ಈ ಎಂಜಿನ್‌ಗೆ ಆಗಲ್ಲ. ಈಗಿನ ಗಾಡಿಗೆಲ್ಲ ತೆಳ್ಳಗೇ ಇರ್ಬೇಕು, ಕಂಪನಿಯೋರೇ ಬರ್ದಿದಾರೆ” ಎಂದು ನಯಾಜ್ ಮುಚ್ಚಳವನ್ನೇ ತಂದು ತೋರಿಸಿದ. ಮುನಿನಾರಾಯಣಪ್ಪ ಅದನ್ನು ನೋಡಲಿಲ್ಲ. ಹೆಂಡತಿಯನ್ನು ನೋಡುತ್ತಿದ್ದ.

ಆಂಜನಮ್ಮ ಇಬ್ಬರ ನಡುವೆ ನಿಂತಳು. ಈ ಕಾರು ಕೆಟ್ಟರೆ ಆಸ್ಪತ್ರೆಗೆ ದಾರಿಯಿಲ್ಲ. ಆದರೆ ಇಷ್ಟು ಕಾಲದ ಮೇಲೆ ಬಾಯಿ ಬಿಟ್ಟವನಿಗೆ ಅಲ್ಲ ಎಂದು ಹೇಗೆ ಹೇಳುವುದು? ವಾದ ಮಾಡೋಣವೆಂದರೆ ಎದುರಾಡಲು ಅವನಿಗೆ ಮಾತೇ ಇಲ್ಲ.

“ತೆಳ್ಳಗಿರೋದೇ ಹಾಕಪ್ಪ” ಎಂದಳು, ನಯಾಜ್ ಕಡೆ ತಿರುಗಿ, ಮೆಲ್ಲಗೆ. ಅವನಿಗೆ ಕೇಳಿಸಿತು.

ಕೆಂಪು ದೀಪ ಆರಿತು. ಕಾರು ಸದ್ದಿಲ್ಲದೆ ಓಡಿತು. “ನೋಡಿ, ಏನೂ ಆಗಿಲ್ಲ” ಎಂದು ಆಕೆ ಒಂದೆರಡು ಸಲ ಅಂದಳು. ಅವನು ಕಿಟಕಿಯಾಚೆ ಮುಖ ಮಾಡಿಕೊಂಡಿದ್ದ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಪೂಜಿತಾ ಸಂಗತಿ ಕೇಳಿ ಹಿಗ್ಗಿದಳು. ಲೋಟದಲ್ಲಿ ನೀರು ತಂದು ಅವನೆದುರು ಹಿಡಿದಳು. “ಅಂಕಲ್, ಇದೇನು? ಹೇಳಿ ನೋಡೋಣ. ನೀ...”

ಮುನಿನಾರಾಯಣಪ್ಪ ತುಟಿ ಬಿಗಿಹಿಡಿದ. ಅವಳು ಎಷ್ಟು ಪುಸಲಾಯಿಸಿದರೂ ಬಾಯಿ ಬಿಡಲಿಲ್ಲ. “ಮುಂದಿನ ವಾರ ಟ್ರೈ ಮಾಡೋಣ ಆಂಟಿ” ಎಂದು ಪೂಜಿತಾ ಲೋಟ ಕೆಳಗಿಟ್ಟಳು. ಮುಂದಿನ ವಾರವೂ ಅವನು ಹೇಳಲಿಲ್ಲ, ಅದರ ಮುಂದಿನ ವಾರವೂ.

ಒಂದು ದಿನ ಆಸ್ಪತ್ರೆಯ ಅಂಗಳದಲ್ಲಿ ಕಾರು ಹತ್ತಿ ಕೂತ ಆಂಜನಮ್ಮ ಕೀಲಿ ತಿರುಗಿಸದೆ ಅವನ ಕಡೆ ತಿರುಗಿದಳು.

“ಬೈದ್ಬಿಡ್ರೀ ನನ್ನ. ಬಾಯಿಗೆ ಬಂದಂಗೆ ಬೈರಿ, ಒಂದೇ ಒಂದ್ಸಲ.”

ಅವನು ಎಡಗೈಯಿಂದ ಸೀಟ್ ಬೆಲ್ಟನ್ನು ಎಳೆದು, ಕೊಂಡಿ ಸಿಗದೆ ತಡಕಾಡುತ್ತ, ಹಿಡಿದುಕೊಂಡೇ ಕೂತ. ಆಕೆ ಬಗ್ಗಿ ಅದನ್ನು ಹಾಕಿದಳು.