ಉಡಿಗೆ ಬಿದ್ದ ಗುಳಿಗೆ

ನನ್ನ ಕೀಲುಬೇನೆಗೆ ಮಿರಜಿನ ಡಾಕ್ಟರು ಬರೆದುಕೊಟ್ಟದ್ದು ಮಲೇರಿಯಾದ ಗುಳಿಗೆ. ಸೊಳ್ಳೆಜ್ವರದ ಔಷಧಿ ಬೆರಳಿನ ಗಂಟುಗಳ ಬಾವನ್ನೂ ಇಳಿಸುತ್ತದೆ ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಥಣಿಯಲ್ಲಿ ಜಂಪರು ಹೊಲಿದು ಬದುಕುವವಳು ನಾನು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಸೂಜಿ ಹಿಡಿಯಲಾಗದು. ಹಾಗಾಗಿ ನಗದೆ ನುಂಗಿದೆ. ಕೆಲವು ತಿಂಗಳಲ್ಲಿ ಬೆರಳುಗಳು ಮತ್ತೆ ನನ್ನ ಮಾತು ಕೇಳತೊಡಗಿದವು.

ಡಾಕ್ಟರು ಗುಳಿಗೆಯ ಜೊತೆ ಬುದ್ಧಿಯನ್ನೂ ಹೇಳಿದ್ದರು. ತೂಕ ನೋಡಿಯೇ ಪ್ರಮಾಣ. ಇದು ಕಣ್ಣಿನ ಒಳಪರದೆಯನ್ನು ಕೆಡಿಸಬಹುದು, ಅದಕ್ಕೆ ಆಗಾಗ ಕಣ್ಣು ತೋರಿಸಬೇಕು. ಹೃದಯದ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು. ನಾವಾಗಿಯೇ ನಿಲ್ಲಿಸಲೂಬಾರದು. ನಾನು ಅಷ್ಟನ್ನೂ ಪಾಲಿಸಿದೆ.

ನನ್ನ ತವರು ಐಗಳಿ. ಅಣ್ಣನದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ದೊಡ್ಡ ಶೆಡ್ಡು. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ನಾನು ಮಲೇರಿಯಾ ಗುಳಿಗೆ ತಿನ್ನುತ್ತೇನೆಂದು ಗೊತ್ತಾದ ದಿನವೇ ನನಗೆ ಬೇರೆ ತಾಟು, ಬೇರೆ ಕಪ್ಪು ತೆಗೆದಿಟ್ಟಳು. ಇದು ಅಂಟುವ ಜಡ್ಡಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ.

"ಇರ್ಲಿ ಬಿಡs, ಮನ್ಯಾಗ ಸಣ್ಣ ಹುಡುಗ್ರು ಅದಾವ," ಅನ್ನುತ್ತಿದ್ದಳು. ಹುಟ್ಟಿದ ಮನೆಯಲ್ಲಿ ಕಿವಿ ಮುರಿದ ಕಪ್ಪಿನಲ್ಲಿ ಚಹಾ ಕುಡಿಯುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಕೊರೋನಾ ಬಂತು. ಅದೇ ಗುಳಿಗೆ ತಿಂದರೆ ಕೊರೋನಾ ಹತ್ತಿರ ಸುಳಿಯುವುದಿಲ್ಲ ಎಂದು ಟೀವಿಯಲ್ಲಿ ಬಂದಿದ್ದೇ ತಡ, ನಮ್ಮ ಜನಕ್ಕೆ ಅದು ದೇವರ ಗುಡಿಯ ಅಂಗಾರ, ಪ್ರಸಾದವಾಗಿಬಿಟ್ಟಿತು. ಉಳ್ಳವರು ಡಬ್ಬಿಗಟ್ಟಲೆ ಒಯ್ದರು. ನನ್ನ ಗುಳಿಗೆ ತೀರುತ್ತ ಬಂದಾಗ ಅಥಣಿಯ ಒಂದು ಔಷಧಿ ಅಂಗಡಿಯಲ್ಲೂ ಸಿಗಲಿಲ್ಲ.

"ಖಲಾಸ್ ಆಗ್ಯಾವ್ರಿ ಅಕ್ಕಾರ. ನೀವು ಮೊದ್ಲs ಬರಬೇಕಿತ್ತು," ಅಂದ ಅಂಗಡಿಯವ. ಮೊದಲೇ! ವರ್ಷಗಟ್ಟಲೆ ಅವನ ಕಟ್ಟೆ ಹತ್ತಿ ಇಳಿದವಳು ನಾನು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಎಲ್ಲ ಕಡೆ ಫೋನು ಮಾಡಿಸಿದೆ, ಎಲ್ಲ ಕಡೆ ಅದೇ ಮಾತು. ಮಿರಜಿಗೆ ಹೋಗೋಣವೆಂದರೆ ರಾಜ್ಯದ ಗಡಿಯಲ್ಲಿ ಕಾಗವಾಡದ ನಾಕಾ ಬಂದ್. ದಿನ ಬಿಟ್ಟು ದಿನ ನುಂಗತೊಡಗಿದೆ. ಗಂಟುಗಳು ಮತ್ತೆ ಬಿಸಿಯಾದವು.

ಅಂಥ ಹೊತ್ತಿನಲ್ಲಿ ಐಗಳಿಯಿಂದ ಕರೆ ಬಂತು. ವೈನಿಯ ಸೊಸೆಯ ಕುಬಸ, ಚೊಚ್ಚಲ ಬಸಿರು. ಮಂದಿ ಕಡಿಮೆ, ಮನೆಯವರಷ್ಟೇ ಅಂದಿದ್ದರು. ಹೋಗಿ ನೋಡಿದರೆ ಪಡಸಾಲೆ ತುಂಬ ಹೆಂಗಸರು, ಎಲ್ಲರ ಮಾಸ್ಕೂ ಗದ್ದದ ಕೆಳಗೆ. ಹೋಳಿಗೆ ಊಟ ಮುಗಿದ ಮೇಲೆ ವೈನಿ ಮುತ್ತೈದೆಯರಿಗೆ ಉಡಿ ತುಂಬಲು ಕೂತಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಜಂಪರಿನ ಖಣ. ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ ಒಂದು ಗುಳಿಗೆಯ ಪಟ್ಟಿ!

ನನ್ನ ಉಡಿಗೂ ಬಿತ್ತು. ಕುಂಕುಮ ಒರೆಸಿ ನೋಡಿದೆ. ನಾನು ಊರೂರು ಹುಡುಕಿದ ಗುಳಿಗೆ. ಅಣ್ಣ ಗುರುತಿನವರಿಂದ ಡಬ್ಬಿಗಟ್ಟಲೆ ತರಿಸಿದ್ದನಂತೆ. ಒಬ್ಬಳು ಎಣ್ಣೆಗೈಯಲ್ಲೇ ಪಟ್ಟಿ ಹರಿದು ಒಂದನ್ನು ಬಾಯಿಗೆ ಹಾಕಿಕೊಂಡಳು. ಅವಳನ್ನು ನೋಡಿ ವೈನಿಯ ತಾಯಿಯೂ ಹಾಕಿಕೊಂಡಳು. ಆ ಮುದುಕಿಗೆ ಮೊದಲೇ ಹೃದಯದ ಗುಳಿಗೆ ನಡೆದಿದ್ದವು.

"ಬ್ಯಾಡ್ರಿ ಕಾಕು, ಡಾಕ್ಟರ್‌ನ ಕೇಳಲಾರದs ತಗೋಬಾರದು. ಹೃದಯಕ್ಕ ತ್ರಾಸ ಆಗ್ತೈತಿ," ಅಂದೆ.

ವೈನಿ ನಕ್ಕಳು. "ಏನೂ ಆಗಂಗಿಲ್ಲ ತಗೋರಿ. ಇಕಿನ್ನs ನೋಡ್ರಿ, ಇಷ್ಟ್ ವರ್ಷ ತಿಂದಾಳ, ಕಲ್ಲಗುಂಡ ಆಗ್ಯಾಳ!"

ಎಲ್ಲರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಎಂಜಲಿಗೆ ಹೆದರಿದ್ದವಳು ಈಗ ನನ್ನ ದೇಹವನ್ನೇ ತೋರಿಸಿ ಔಷಧಿ ಹಂಚುತ್ತಿದ್ದಳು.

ನಾಚಿಕೆ ಬಿಟ್ಟು ಕೇಳಿದೆ. "ನಂದು ತೀರಿಹೋಗ್ಯಾವ, ಎಲ್ಲೂ ಸಿಗವಲ್ವು. ನಿಮಗ ಬ್ಯಾಡಾದ್ದು ನನಗ ಕೊಡ್ರಿ. ಬೆರಳು ಮಡಚಾಕ ಬರವಲ್ವು ನೋಡ್ರಿ," ಎಂದು ಎರಡೂ ಕೈ ಮುಂದೆ ಮಾಡಿ ತೋರಿಸಿದೆ.

ನಮ್ಮ ಕಡೆ ಉಡಿಗೆ ಬಿದ್ದದ್ದನ್ನು ಯಾರೂ ತಿರುಗಿ ಕೇಳುವುದಿಲ್ಲ, ಕೊಡುವುದೂ ಇಲ್ಲ. ಕೊಟ್ಟರೆ ಮುತ್ತೈದೆತನವನ್ನೇ ಕೊಟ್ಟ ಹಾಗೆ. ಒಬ್ಬೊಬ್ಬರೇ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ಬಸುರಿ ಹುಡುಗಿ ಮಾತ್ರ ತನ್ನ ಉಡಿಗೆ ಕೈ ಹಾಕಿದಳು. ವೈನಿ ಅವಳ ಕೈ ಹಿಡಿದಳು.

"ಹುಚ್ಚಿ ಅದೀಯೇನ? ಉಡ್ಯಾಗಿಂದು ತಗದು ಕೊಡ್ತಾರೇನ?" ಎಂದು ಅವಳನ್ನು ಗದರಿಸಿ ನನ್ನ ಕಡೆ ತಿರುಗಿದಳು. "ನಿನಗೂ ಕೊಟ್ಟೀವಲ್ಲ ಬೇ. ಎಲ್ಲಾರಿಗೂ ಒಂದs."

ಡಬ್ಬಿಯಲ್ಲಿ ಇನ್ನೂ ಉಳಿದಿದ್ದವಲ್ಲ ಎಂದು ಹಿತ್ತಲಲ್ಲಿ ಅಣ್ಣನನ್ನು ಕೇಳಿದೆ. "ತೋಟದ ಆಳಿಗೆ ಬೇಕವ್ವಾ. ಅವರು ಜಡ್ಡ ಬಿದ್ರ ಬಳ್ಳಿ ಕತ್ತರಿಸಿ ಛಾಟಣಿ ಯಾರ ಮಾಡೋರು?" ಅಂದ. ಅವನೂ ನನ್ನ ಬೆರಳು ನೋಡಲಿಲ್ಲ. ಥೂ ಎನ್ನಬೇಕೆನಿಸಿತು. ತವರೆಂದು ತಡೆದುಕೊಂಡು ಬಸ್ಸು ಹತ್ತಿದೆ.

ಆ ವಾರದಲ್ಲೇ ವೈನಿಯ ತಾಯಿ ತಲೆ ತಿರುಗಿ ಬಿದ್ದಳು. ದಿನವೂ ಒಂದೊಂದು ನುಂಗುತ್ತಿದ್ದಳಂತೆ. ಎದೆಬಡಿತ ತಪ್ಪಿದೆ ಎಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಗುಳಿಗೆ ಕೊಟ್ಟವರಿಗೆ ಚೆನ್ನಾಗಿ ಬೈದು ಕಳಿಸಿದರು. ಮುದುಕಿ ಬದುಕಿತು. ಊರಲ್ಲಿ ಮಾತ್ರ ಬಿಸಿಲಿಗೆ ಬಿದ್ದಳೆಂದೇ ಹೇಳಿದರು. ಮುಂದೆ ಈ ಗುಳಿಗೆಯಿಂದ ಕೊರೋನಾ ತಡೆಯುವುದಿಲ್ಲ ಎಂದು ಟೀವಿಯಲ್ಲೇ ಬಂತು. ಅಂಗಡಿಗಳಲ್ಲಿ ನನ್ನ ಗುಳಿಗೆ ಮತ್ತೆ ಕಾಣಿಸಿಕೊಂಡಿತು. ಅಷ್ಟರಲ್ಲಿ ನನ್ನ ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಇನ್ನು ಇವು ನೆಟ್ಟಗಾಗುವುದಿಲ್ಲ ಎಂದರು ಮಿರಜಿನ ಡಾಕ್ಟರು. ಜಂಪರಿಗೆ ಹುಕ್ಕು ಹಚ್ಚುವ ಕೆಲಸ ಬಿಟ್ಟೆ, ಗಿರಾಕಿಗಳೂ ಬಿಟ್ಟರು.

ಅಂದು ಬಸುರಿಯಿದ್ದ ಹುಡುಗಿಯ ಕೂಸಿನ ಜಾವಳಕ್ಕೆ, ಚೊಚ್ಚಲ ಕೂದಲು ತೆಗೆಸುವ ದಿನಕ್ಕೆ, ಹೋಗಿದ್ದೆ, ಹೋಗದಿದ್ದರೆ ಅವಳು ನೊಂದುಕೊಳ್ಳುತ್ತಾಳೆಂದು. ಬಂದ ಹೆಂಗಸರಿಗೆಲ್ಲ ಬಳೆ ಇಡಿಸುತ್ತಿದ್ದರು. ಬಳೆಗಾರ ನನ್ನ ಕೈ ಹಿಡಿದು ಅಮುಕಿದ, ಸಬಕಾರ ಸವರಿದ, ದೊಡ್ಡ ಅಳತೆಯದನ್ನೂ ತೆಗೆದ. ಬಳೆ ಗಂಟು ದಾಟಲಿಲ್ಲ, ಅಲ್ಲೇ ಒಡೆಯಿತು. ವೈನಿ ಬಗ್ಗಿ ನನ್ನ ಕೈ ನೋಡಿದಳು. ನಿಜವಾಗಿಯೂ ಮರುಗಿದವಳ ಹಾಗೆ ಲೊಚಗುಟ್ಟಿದಳು.

"ಅಯ್ಯ, ಹಿಂಗ್ಯಾಕ ಮಾಡ್ಕೊಂಡಿ? ಗುಳಿಗಿ ಬರೋಬ್ಬರಿ ತಗೋಬೇಕಿಲ್ಲೋ?"