ನೇಮಾ ಎಂಬ ಕ್ರಿಯಾಪದ

೧೯೯೩ರ ಚಳಿಗಾಲ. ವಾಯುವ್ಯ ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಸರ್ಜಿಕಲ್ ರಿಜಿಸ್ಟ್ರಾರ್ ಆಗಿದ್ದೆ. ಅಂದರೆ ಕನ್ಸಲ್ಟೆಂಟ್ ಎಂಬ ಹಿರಿಯ ಸರ್ಜನ್ನರಿಗಿಂತ ಒಂದು ಮೆಟ್ಟಿಲು ಕೆಳಗೆ, ಬೈಗುಳಕ್ಕೆ ಎರಡು ಮೆಟ್ಟಿಲು ಹತ್ತಿರ. ಮನೆ ಕೆಂಟನ್ನಿನಲ್ಲಿ, ತವರು ಮೈಸೂರು. ನನ್ನ ಕೈಕೆಳಗಿದ್ದ ಕಿರಿಯ ವೈದ್ಯ ಬಸವರಾಜ ಧಾರವಾಡದವನು.

ಯುದ್ಧದಿಂದ ತಪ್ಪಿಸಿಕೊಂಡು ಬೋಸ್ನಿಯಾದಿಂದ ಬಂದಿದ್ದ ಸೆನಾದಾ ಎಂಬಾಕೆ ನಮ್ಮ ವಾರ್ಡಿಗೆ ಸೇರಿದಳು. ಪಿತ್ತಕೋಶದಲ್ಲಿ ಕಲ್ಲು, ಕೀವು, ಜ್ವರ. ಔಷಧಿಗೆ ಜಗ್ಗಲಿಲ್ಲ, ಆಪರೇಷನ್ ಆಗದಿದ್ದರೆ ಜೀವಕ್ಕೇ ಅಪಾಯ. ಬೆಳಿಗ್ಗೆ ದುಭಾಷಿ ವೆಸ್ನಾ ಇದ್ದಾಗ ಒಪ್ಪಿದ್ದವಳು ಸಂಜೆಗೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಏನು ಕೇಳಿದರೂ ತಲೆ ಅಲ್ಲಾಡಿಸಿ ಬೇಡ ಎನ್ನುತ್ತಿದ್ದಳು.

ಮರುದಿನ ಮತ್ತೆ ವೆಸ್ನಾರನ್ನು ಕರೆಸಿದೆ. ಆಕೆ ಸರಾಯೆವೊದಲ್ಲಿ ಭಾಷೆ ಕಲಿಸುತ್ತಿದ್ದ ಶಿಕ್ಷಕಿ. ಸೆನಾದಾಳ ಪಕ್ಕ ಕೂತು ಮಾತಾಡಿ ಹೊರಗೆ ಬಂದವರ ಮುಖ ಕೆಂಪಗಿತ್ತು.

"ಗಂಡ ಸತ್ತರು ಅಂತ ಇವಳಿಗೆ ಹೇಳಿದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಸವರಾಜ ನನ್ನ ಕಡೆ ತಿರುಗಿದ. "ಮೇಡಂ, ಆಕಿನೇ ಹೇಳಿದ್ಳರೀ. ನಿನ್ನೆ ಮಧ್ಯಾಹ್ನ ಆಕಿ ಉಂಗುರ ತೋರಿಸಿ ಗಂಡ ಎಲ್ಲಿ ಅಂತ ಸನ್ನಿ ಮಾಡಿ ಕೇಳಿದೆ, 'ನೇಮಾ' ಅಂದ್ಳು. ನೇಮಾ ಅಂದ್ರ ಇಲ್ಲ ಅಂತ ಬ್ಯಾರೆ ಬೋಸ್ನಿಯಾ ಪೇಷಂಟ್ ಕಡೆ ಕೇಳಿ ನನಗ ಗೊತ್ತಿತ್ತರಿ. ಪಾಪ ಅನಿಸ್ತು, ಕೈ ಮುಗಿದು ಸಾರಿ ಅಂದೆ."

ಯುದ್ಧದಲ್ಲಿ ಕಾಣೆಯಾದ ಗಂಡನ ಸುದ್ದಿಗಾಗಿ ಕಾಯುತ್ತಿದ್ದ ಅವಳಿಗೆ ಆ 'ಸಾರಿ' ಸಾವಿನ ಸುದ್ದಿಯಾಗಿ ಮುಟ್ಟಿತ್ತು. ಆಸ್ಪತ್ರೆಗೆ ಏನೋ ಗೊತ್ತಾಗಿದೆ ಎಂದುಕೊಂಡು ಅವಳು ಬದುಕುವ ಆಸೆಯನ್ನೇ ಬಿಟ್ಟಿದ್ದಳು.

ವೆಸ್ನಾ ಬಸವರಾಜನನ್ನು ಗದರಿಸಲಿಲ್ಲ, ಪಾಠ ಮಾಡಿದರು. 'ಇಮಾತಿ' ಎಂದರೆ ತನ್ನಲ್ಲಿರುವುದು. ಇಮಾಮ್, ಇಮಾಶ್, ಇಮಾ ಅಂದರೆ ನನ್ನಲ್ಲಿದೆ, ನಿನ್ನಲ್ಲಿದೆ, ಅವನಲ್ಲಿದೆ. ಇವುಗಳ ಮೊದಲಿಗೆ ಇಲ್ಲ ಎಂಬ ಅರ್ಥದ 'ನೆ' ಸೇರಿ, ನಮ್ಮ ಸಂಧಿಯಂತೆಯೇ ಬೆಸೆದುಕೊಂಡು, ನೇಮಾಮ್, ನೇಮಾಶ್, ನೇಮಾ. 'ನೇಮಾ' ಒಂದನ್ನೇ ಹೇಳಿದರೆ ಇಲ್ಲಿ ಕಾಣುತ್ತಿಲ್ಲ ಎಂದೂ ಆಗುತ್ತದೆ. ತೀರಿಕೊಂಡವರಿಗಾದರೆ 'ವಿಶೆ ಗಾ ನೇಮಾ' ಎನ್ನುತ್ತಾರೆ. ವಿಶೆ ಎಂದರೆ ಇನ್ನು, ಗಾ ಎಂದರೆ ಅವನು.

ನಾನೂ ಬಸವರಾಜನೂ ಮುಖ ಮುಖ ನೋಡಿಕೊಂಡೆವು. ಇಲ್ಲಿಲ್ಲ, ಇನ್ನಿಲ್ಲ! ನಮ್ಮ ಮನೆಮಾತಿನಲ್ಲೇ ಇದ್ದ ವ್ಯತ್ಯಾಸ. ಆದರೆ ನಮ್ಮಲ್ಲಿ "ಯಜಮಾನರಿಲ್ಲ" ಎಂದರೆ ಸಾಕು, ಕೇಳಿದವರು ಲೊಚಗುಟ್ಟುತ್ತಾರೆ. ಇಂಗ್ಲಿಷ್ ವೈದ್ಯನಾಗಿದ್ದರೆ ಆ 'ಇಲ್ಲ'ದಲ್ಲಿ ಸಾವು ಕೇಳಿಸುತ್ತಿರಲಿಲ್ಲ, ಈ ಎಡವಟ್ಟೂ ಆಗುತ್ತಿರಲಿಲ್ಲ.

ಬಸವರಾಜ ತಾನೇ ಹೋಗಿ ಅವಳ ಮಂಚದ ಪಕ್ಕ ನಿಂತ. ಅವನು ಹೇಳಿದ್ದನ್ನು ವೆಸ್ನಾ ತಿಳಿಸಿದರು: ಯಾವ ಸುದ್ದಿಯೂ ಬಂದಿಲ್ಲ, ತಪ್ಪು ತನ್ನದು. ಸೆನಾದಾ ಬಹಳ ಹೊತ್ತು ಅತ್ತಳು, ಆಮೇಲೆ ನೀರು ಕೇಳಿದಳು. ಅಂದೇ ಆಪರೇಷನ್ ಮಾಡಿದೆವು, ಬದುಕಿದಳು.

ಬೇಸಿಗೆಯಲ್ಲಿ ಒಂದು ದಿನ ಹೊರರೋಗಿಗಳ ಕಾರಿಡಾರಿನಲ್ಲಿ ಯಾರೋ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಸೆನಾದಾ! ಜರ್ಮನಿಯ ನಿರಾಶ್ರಿತರ ಶಿಬಿರದಿಂದ ಅವಳಿಗೆ ಫೋನು ಬಂದಿತ್ತೆಂದು ವೆಸ್ನಾರಿಂದ ಆಮೇಲೆ ತಿಳಿಯಿತು.

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಯಾರಾದರೂ 'ಇಲ್ಲ' ಎಂದರೆ ಕನಿಕರಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಅದನ್ನು ಕಲಿಸಿದ ವೆಸ್ನಾರಿಗೆ ನಾನು ಎಂದೆಂದಿಗೂ ಋಣಿ. ಅವರು ಅಂದು ಕಾರಿಡಾರಿನಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಸೆನಾದಾ ಹೇಳಿದ್ದು ಎರಡೇ ಪದ, ನನಗೆ ಪೂರ್ತಿ ಅರ್ಥವಾಯಿತು.

"ಇಮಾ ಗಾ!"

ಇದ್ದಾನೆ.